ಮೂರು ಖಾನೆಗಳಲ್ಲಿ ಕೂರದ ನಮ್ಮ ಹೆಸರು

ಪುಣೆ: ಹಿಂಜವಡಿಯ ಐಟಿ ಕಂಪೆನಿಯಿರಲಿ, ಭೋಸರಿಯ ಕಾರ್ಖಾನೆಯಿರಲಿ, ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಮೂರು ಖಾನೆ ತುಂಬಬೇಕು: ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು. ಮರಾಠಿಗರಿಗೆ ಇದು ಮನೆಯ ಕ್ರಮವೇ. ಧಾರವಾಡ, ಬೆಳಗಾವಿ ಕಡೆಯ ನಮ್ಮವರಿಗೂ ತೊಡಕಿಲ್ಲ. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರು ಸಲೀಸಾಗಿ ಕೂರುತ್ತದೆ. ಆದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ಬರೆದ ಕ್ರಮದಲ್ಲೇ ತುಂಬಿದರೆ ಊರು ಸ್ವಂತ ಹೆಸರಾಗಿ, ಸ್ವಂತ ಹೆಸರು ಅಡ್ಡಹೆಸರಾಗಿಬಿಡುತ್ತದೆ! ಹಳೇ ಮೈಸೂರು ಕಡೆಯ ಬಹಳ ಜನರ ಪಾಡು ಇದೇ.

ಸಿಬ್ಬಂದಿ ದಾಖಲೆ ಇಡುವ ಸಾಫ್ಟ್‌ವೇರಿನ ಖಾನೆಗಳೇನೂ ಶಿಲಾಶಾಸನವಲ್ಲ. ಒರಾಕಲ್‌ನಲ್ಲಿ 'ಡಿಸ್ಕ್ರಿಪ್ಟಿವ್ ಫ್ಲೆಕ್ಸ್‌ಫೀಲ್ಡ್' ಎಂಬ ಖಾಲಿ ಖಾನೆಗಳಿವೆ. ಕಂಪೆನಿ ತನಗೆ ಬೇಕಾದ ಹೆಸರು ಕೊಟ್ಟು ಬಳಸಿಕೊಳ್ಳಬಹುದು. ಸ್ಯಾಪ್‌ನಲ್ಲಿ ಗ್ರಾಹಕರ ಸ್ವಂತ ಮಾಹಿತಿಗೆಂದೇ 9000ದಿಂದ 9999ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ. ರಕ್ತದ ಗುಂಪು, ಬಸ್ ಮಾರ್ಗ, ಸಮವಸ್ತ್ರದ ಅಳತೆ, ಏನನ್ನೂ ಸೇರಿಸಬಹುದು. ಹೀಗಿರುವಾಗ ಊರಿನ ಹೆಸರಿಗೊಂದು ಖಾನೆ ಕೊಡುವುದು ಕಷ್ಟವೇ? ಕೇಳುವವರು ಬೇಕು, ಅಷ್ಟೇ.

ಮಹಾರಾಷ್ಟ್ರ ಸರಕಾರವೇ ಒಂದು ಖಾನೆ ಹೆಚ್ಚಿಸಿದೆ. 2024ರ ಮಾರ್ಚಿನ ಸಂಪುಟ ತೀರ್ಮಾನದಂತೆ, ಆ ವರ್ಷದ ಮೇ 1ರಂದು ಹಾಗೂ ನಂತರ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿರಬೇಕು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ನಮ್ಮ ಕರಾವಳಿಯವರಿಗೆ ಇದು ಹೊಸತೆನಿಸಲಾರದು.

ಆದರೆ ಗಮನಿಸಬೇಕಾದ ಮಾತೊಂದಿದೆ. ಕಂಪೆನಿ ಸೇರಿಸಿಕೊಂಡ ಖಾನೆ ಕಂಪೆನಿಯೊಳಗೇ ಉಳಿಯುತ್ತದೆ. ಪ್ರತಿ ತಿಂಗಳು ಭವಿಷ್ಯನಿಧಿಗೆ ಹೋಗುವ ಕಡತದಲ್ಲಿ ಯುಎಎನ್ ಸಂಖ್ಯೆಯ ಪಕ್ಕ ಸದಸ್ಯರ ಹೆಸರಿಗೆ ಇರುವುದು ಒಂದೇ ಜಾಗ. ಅಲ್ಲಿನ ಹೆಸರು ಆಧಾರ್‌ಗೆ ಹೊಂದದಿದ್ದರೆ ಹಣ ಪಡೆಯುವಾಗ ತಕರಾರು. ಬ್ಯಾಂಕಿನ ಕೌಂಟರಿನಲ್ಲಿ ಇಂಥವು ಕಣ್ಣಿಗೆ ಬೀಳುತ್ತಲೇ ಇರುತ್ತವೆ: ಪಾಸ್‌ಬುಕ್ಕಿನಲ್ಲಿ ಎಸ್. ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ ಎಸ್., ಪಿಎಫ್‌ನಲ್ಲಿ ಮಂಜುನಾಥ ಶಿವಣ್ಣ. ಬದುಕಿರುವವರು ಹೇಗೋ ಓಡಾಡಿ ಸರಿಪಡಿಸಿಕೊಂಡಾರು. ನೌಕರಿಯಲ್ಲಿದ್ದಾಗಲೇ ತೀರಿಕೊಂಡವರ ಹೆಂಡತಿ, ಪಿಎಫ್ ಜತೆಗೆ 7 ಲಕ್ಷ ರೂ.ವರೆಗಿನ ವಿಮೆಯನ್ನೂ ಪಡೆಯಬೇಕಾದಾಕೆ, ಇಲ್ಲದ ಗಂಡನ ಇನಿಶಿಯಲ್ ತಿದ್ದಿಸಲು ಕಚೇರಿ ಅಲೆಯಬೇಕೆ?

ತಿದ್ದುಪಡಿ ಈಗ ಮೊದಲಿನಷ್ಟು ಕಠಿಣವಲ್ಲ. 2023ರ ಆಗಸ್ಟಿನಲ್ಲಿ ಭವಿಷ್ಯನಿಧಿ ಸಂಸ್ಥೆ ಹೆಸರು, ಜನ್ಮದಿನಾಂಕ ಸೇರಿ 11 ವಿವರಗಳ ತಿದ್ದುಪಡಿಗೆ ಕ್ರಮ ಗೊತ್ತುಮಾಡಿತು. 2025ರ ಜನವರಿಯಲ್ಲಿ, 2017ರ ಅಕ್ಟೋಬರ್ 1ರ ನಂತರ ಯುಎಎನ್ ಪಡೆದು ಆಧಾರ್ ದೃಢೀಕರಣವಾದವರು ಹೆಸರನ್ನು ತಾವೇ ಆನ್‌ಲೈನ್‌ನಲ್ಲಿ ತಿದ್ದಿಕೊಳ್ಳಲು ಅವಕಾಶವಾಯಿತು. ಹಳಬರಿಗೆ ಮಾಲೀಕರ ಸಹಿಯ ಗೊಡವೆ ತಪ್ಪಿಲ್ಲ. ಬಾಗಿಲು ಮುಚ್ಚಿದ ಹೋಟೆಲು, ವರ್ಕ್‌ಶಾಪುಗಳಲ್ಲಿ ದುಡಿದವರು ಮಾಲೀಕರನ್ನು ಎಲ್ಲಿ ಹುಡುಕಬೇಕು?

ಆದ್ದರಿಂದ ಸಂಘದ ಬಂಧುಗಳು ಮನೆಯ ಮಕ್ಕಳಿಗೆ, ಊರಿನಿಂದ ಬಂದ ಹುಡುಗರಿಗೆ ಇಷ್ಟು ಹೇಳಿದರೆ ಒಳಿತು: ಮೊದಲ ದಿನವೇ ಹೆಸರನ್ನು ಆಧಾರ್‌ನಲ್ಲಿರುವಂತೆ ಅಕ್ಷರ ತಪ್ಪದೆ ಬರೆಯಿರಿ, ಇನಿಶಿಯಲ್ ಬಿಡಿಸುವ ಕೆಲಸವನ್ನು ಎಚ್‌ಆರ್‌ನವರ ಊಹೆಗೆ ಬಿಡಬೇಡಿ, ಪಿಎಫ್ ಕಡತಕ್ಕೆ ಹೋಗುವುದು ಯಾವ ಖಾನೆ ಎಂದು ಕೇಳಿ. ಮೊದಲ ಸಂಬಳದ ಚೀಟಿ ಬಂದ ಕೂಡಲೇ ಪಿಎಫ್ ಪಾಸ್‌ಬುಕ್ ತೆರೆದು ಎರಡರಲ್ಲೂ ಹೆಸರು ಒಂದೇ ಇದೆಯೇ ನೋಡಿ.