ಮಾಪಕ ಅಳೆಯೋದು ಆಳವನ್ನಲ್ಲ, ಸಮಯವನ್ನು
2021ರ ಅಕ್ಟೋಬರ್‌ನಲ್ಲಿ ಸುಲೇಪೇಟ ಬಳಿಯ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿದರು. ಕಂಪನ ಎಷ್ಟು ಆಳದ್ದು? ಮೇಲ್ಮಟ್ಟದ್ದಾದರೆ ಸಣ್ಣದೂ ಸದ್ದು ಮಾಡಿ ಹೆದರಿಸುತ್ತೆ.

ಆದರೆ ಮಾಪಕ ಆಳ ಅಳೆಯೋದಿಲ್ಲ, ಸಮಯ ಅಳೆಯುತ್ತೆ. ಮೊದಲು ವೇಗದ ಪಿ ಅಲೆ, ಹಿಂದೆಯೇ ನಿಧಾನದ ಎಸ್ ಅಲೆ ಬರುತ್ತದೆ. ಮಾಪಕ ಕಂಪನದ ನೇರ ಮೇಲಿದ್ದು, ಅಂತರ ಅರ್ಧ ಸೆಕೆಂಡ್ ಅನ್ನಿ. ಅಲೆಗಳ ವೇಗ ಸೆಕೆಂಡಿಗೆ 6 ಮತ್ತು 3.5 ಕಿ.ಮೀ. ಆದರೆ ಆಳ ಸುಮಾರು 4.2 ಕಿ.ಮೀ.; 5 ಮತ್ತು 2.9 ಆದರೆ ಸುಮಾರು 3.5. ಸಮಯ ಅದೇ, ಆಳ ಬೇರೆ.

ಚಿಂಚೋಳಿ ಭಾಗದಲ್ಲಿ ಬಸಾಲ್ಟ್, ಸುಣ್ಣದಕಲ್ಲು, ಗ್ರಾನೈಟ್ ಮೂರೂ ಇವೆ. ಒಂದೊಂದರಲ್ಲಿ ಒಂದೊಂದು ವೇಗ. ಊರಿಗೆ ಮಾಪಕ ತಂದಿಟ್ಟರಷ್ಟೇ ಸಾಲದು, ಇಲ್ಲಿನ ಕಲ್ಲಿನ ವೇಗವನ್ನೂ ಅಳೆಯಬೇಕು.