ಆಮೆಯ ಕುಣಿತ, ಆನೆಯ ಒನಪು

ಹೆಸರಾಂತ ಶಾಸ್ತ್ರೀಯ ಧಾಟಿಗಳನ್ನು ಕಲಸಿ ನಗಿಸುವ ಪಿಯಾನೊ ಚೇಷ್ಟೆ ಮೊಬೈಲ್ ಕಾಲದ್ದಲ್ಲ. ಫ್ರಾನ್ಸಿನ ಕಮೀಲ್ ಸ್ಯಾನ್‌ಸಾನ್ಸ್ ಎರಡು ಪಿಯಾನೊಗಳಿರುವ ಪುಟ್ಟ ವಾದ್ಯವೃಂದಕ್ಕೆ ‘ಪ್ರಾಣಿಗಳ ಕಾರ್ನಿವಲ್’ ರಚಿಸಿದ್ದು 1886ರಲ್ಲಿ. ಅದರಲ್ಲಿ ಆಫೆನ್‌ಬಾಕ್‌ ಅವರ ಭರಾಟೆಯ ಕ್ಯಾನ್‌ಕ್ಯಾನ್ ಕುಣಿತವನ್ನು ವಿಲಂಬಿತಕ್ಕೆ ಇಳಿಸಿದರು, ಆಮೆಯಾಯಿತು. ಬೆರ್ಲಿಯೋಜ್‌ ಅವರ ಹಗುರ ಅಪ್ಸರೆ ನೃತ್ಯವನ್ನು ದಪ್ಪ ದನಿಯ ಡಬಲ್ ಬಾಸ್‌ ಮೇಲೆ ಹೊರಿಸಿದರು, ಆನೆಯಾಯಿತು. ‘ಪಳೆಯುಳಿಕೆ’ ಭಾಗದಲ್ಲಿ ರೊಸ್ಸಿನಿ ಹಾಡಿನ ಜತೆ ತಮ್ಮದೇ ಹಳೆಯ ಕೃತಿಯನ್ನೂ ಗೇಲಿ ಮಾಡಿದ್ದಾರೆ. ಸರಿಗಮ ತಿಕ್ಕುವ ಪಿಯಾನೊ ವಾದಕರಿಗೂ ಪ್ರಾಣಿಗಳ ಸಾಲಿನಲ್ಲೇ ಜಾಗ! ಆದರೆ ‘ಹಂಸ’ವೊಂದನ್ನು ಬಿಟ್ಟು ಉಳಿದದ್ದನ್ನು ತಾವು ಬದುಕಿರುವಾಗ ಪ್ರಕಟಿಸಲು ಅವರು ಒಪ್ಪಲಿಲ್ಲ. ಇಡೀ ಕೃತಿ ಅಚ್ಚಾದದ್ದು ಅವರು ತೀರಿದ ಮರುವರ್ಷ, 1922ರಲ್ಲಿ.