ಸೊಳ್ಳೆ ನಿವಾರಕದ ಜಿಡ್ಡು

ಸೊಳ್ಳೆ ನಿವಾರಕ ಹಚ್ಚಿಕೊಂಡು ಹೊರಗೆ ಓಡಾಡಿದರೆ ಮೈ ಅಂಟಂಟಾಗುವುದೇಕೆ? ಕೆಲವು ಲೇಪಗಳಲ್ಲಿ ಹಾಗಾಗುವುದಿಲ್ಲವಲ್ಲ?

ನಿವಾರಕ ಸೊಳ್ಳೆಯನ್ನು ಕೊಲ್ಲುವುದಿಲ್ಲ. ಚರ್ಮದ ಮೇಲಿಂದ ನಿಧಾನವಾಗಿ ಆವಿಯಾಗುತ್ತ, ಮೈವಾಸನೆಯ ಜಾಡು ಹಿಡಿದು ಬರುವ ಸೊಳ್ಳೆಯನ್ನು ಕಕ್ಕಾಬಿಕ್ಕಿಯಾಗಿಸುತ್ತದೆ. ಬೇಗ ಆರಿದರೆ ರಕ್ಷಣೆಯೂ ಬೇಗ ಮುಗಿಯಿತು. ಸಿಟ್ರೊನೆಲ್ಲಾ ಎಣ್ಣೆಯ ಪಾಡು ಇದೇ. ಗಂಟೆಗಟ್ಟಲೆ ನಿಲ್ಲಬೇಕಾದದ್ದು ಸುಲಭವಾಗಿ ಆರದ ಎಣ್ಣೆಯಂಥ ದ್ರವವೇ ಆಗಿರಬೇಕು. ಜಿಡ್ಡಿನ ಮೂಲ ಇದು.

1940ರ ದಶಕದಲ್ಲಿ ಅಮೆರಿಕದ ಸೇನೆಗಾಗಿ ರೂಪುಗೊಂಡ ಡೀಟ್ ಅಂಥದ್ದೊಂದು ದ್ರವ. ಅದನ್ನು ಆಲ್ಕೋಹಾಲಿನಲ್ಲಿ ಕರಗಿಸಿದ ಸ್ಪ್ರೇ ಸಿಂಪಡಿಸಿದಾಗ ಮೊದಲು ತಣ್ಣಗೆನಿಸುತ್ತದೆ, ತರಚಿದ ಜಾಗದಲ್ಲಿ ಉರಿಯುತ್ತದೆ. ಆಲ್ಕೋಹಾಲು ಕ್ಷಣದಲ್ಲಿ ಹಾರಿಹೋಗಿ ಡೀಟ್‌ನ ಪದರ ಉಳಿಯುತ್ತದೆ. ಅದಕ್ಕೆ ಬೆವರು, ಧೂಳು ಸೇರಿದರೆ ಕಿರಿಕಿರಿ ತಪ್ಪಿದ್ದಲ್ಲ. ಬೆವರು ಲೇಪವನ್ನು ತೊಳೆದು ಹಾಕುವುದರಿಂದ ಮತ್ತೆ ಹಚ್ಚಬೇಕು, ಅಂಟೂ ಹೆಚ್ಚುತ್ತದೆ. ಡೀಟ್ ಕೆಲವು ಪ್ಲಾಸ್ಟಿಕ್‌ಗಳನ್ನೂ ಕರಗಿಸುತ್ತದೆ. ಕನ್ನಡಕ, ಕೈಗಡಿಯಾರಗಳಿಗೆ ಇದು ಆಗಿಬರದು.

ಈ ಜಿಡ್ಡಿಗೆ ಪರಿಹಾರ ಎರಡು ದಿಕ್ಕಿನಿಂದ ಬಂದಿದೆ. ಒಂದು, ಡೀಟ್ ಅನ್ನು ಪಾಲಿಮರಿನ ಅತಿಸೂಕ್ಷ್ಮ ಕೋಶಗಳಲ್ಲಿ ತುಂಬಿದ ಲೇಪ. ಮಣ್ಣಿನ ಮಡಕೆಯ ಗೋಡೆಯಿಂದ ನೀರು ಜಿನುಗುವ ಹಾಗೆ ಕೋಶಗಳಿಂದ ನಿವಾರಕ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಕಡಿಮೆ ಪ್ರಮಾಣವೇ ಹೆಚ್ಚು ಹೊತ್ತು ಸಾಕಾಗುತ್ತದೆ, ಮೈಗೆ ಎಣ್ಣೆ ಮೆತ್ತಿದಂತಾಗದು. ಇನ್ನೊಂದು, ನಿವಾರಕವನ್ನೇ ಬದಲಿಸುವುದು. 1980ರ ದಶಕದಲ್ಲಿ ಜರ್ಮನಿಯ ಬೇಯರ್ ಕಂಪನಿ ರೂಪಿಸಿದ ಪಿಕಾರಿಡಿನ್‌ಗೆ ವಾಸನೆ, ಜಿಡ್ಡು ಎರಡೂ ಕಡಿಮೆ. ಪ್ಲಾಸ್ಟಿಕ್‌ಗೂ ಅದು ಹಾನಿ ಮಾಡದು.

ಸನ್‌ಸ್ಕ್ರೀನ್ ಕೂಡ ಬೇಕಿದ್ದರೆ ಮೊದಲು ಅದನ್ನು ಹಚ್ಚಿ, ಆರಿದ ಮೇಲೆ ನಿವಾರಕ ಸವರಬೇಕು. ಬಟ್ಟೆ ಮುಚ್ಚಿದ ಚರ್ಮಕ್ಕೆ ನಿವಾರಕದ ಅಗತ್ಯವಿಲ್ಲ.